ಮನೋಳಿಯ ಕಾಟಾ

ನಮ್ಮ ಸರ್ ತೀರಿಕೊಂಡ ದಿನ ಬೈಲಹೊಂಗಲದ ಪೇಟೆಯಲ್ಲಿ ಯಾರ ಕೆಲಸವೂ ನಿಲ್ಲಲಿಲ್ಲ. ಹತ್ತಿ ಅಡತಿ ಅಂಗಡಿಗಳಲ್ಲಿ ತೂಗುವ ಕಾಟಾದ ಮೇಲೆ ಚೀಲ ಏರುತ್ತಿತ್ತು, ಕಂಪ್ಯೂಟರು ತೂಕ ಓದುತ್ತಿತ್ತು, ಪಕ್ಕದ ಪ್ರಿಂಟರು ಕರಕರ ಎನ್ನುತ್ತ ಚೀಟಿ ಹೊರಗೆ ಹಾಕುತ್ತಿತ್ತು. ಆ ಚೀಟಿ ಬರೆಯುವ ಪ್ರೋಗ್ರಾಮು ಅವರದೇ. ಕಿತ್ತೂರಿನ ಅಕ್ಕಿ ಗಿರಣಿಯಲ್ಲಿ, ಸವದತ್ತಿಯ ಕಾಳಿನ ಅಂಗಡಿಯಲ್ಲಿ, ರಾಮದುರ್ಗದ ನೂಲಿನ ಅಂಗಡಿಯಲ್ಲಿ ನಡೆಯುತ್ತಿದ್ದುದೂ ಅವರದೇ. ಒಂದು ಕಡೆಯೂ ಕೆಲಸ ತಡೆಯಲಿಲ್ಲ. ಇದನ್ನು ಕೇಳಿದ್ದರೆ ಅವರು ಹಿಗ್ಗುತ್ತಿದ್ದರೋ ಕುಗ್ಗುತ್ತಿದ್ದರೋ, ಬಹಳ ದಿನ ನನಗೆ ತಿಳಿದಿರಲಿಲ್ಲ. ಈಗ ಸ್ವಲ್ಪ ತಿಳಿದಿದೆ, ಅದಕ್ಕೇ ಬರೆಯಲು ಕೂತಿದ್ದೇನೆ.

ತೊಂಬತ್ತರ ದಶಕದಲ್ಲಿ ನಾನು ಸಂಪಗಾಂವದಿಂದ ದಿನಾ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಕಂಪ್ಯೂಟರ್ ಕಲಿಯಲು ಬರುತ್ತಿದ್ದೆ. ಕಲಿತ ಮೇಲೆ ಅಲ್ಲಿಯೇ ಕಲಿಸಲು ನಿಂತೆ. ಅದೇನು ದೊಡ್ಡ ಸಂಸ್ಥೆಯಲ್ಲ. ಒಂದು ಟೇಲರ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಒಂದು ಉದ್ದನೆಯ ಕೋಣೆ. ನಡುವೆ ಒಂದು ಪರದೆ. ಪರದೆಯ ಈಚೆ ಕಂಪ್ಯೂಟರು, ಬೋರ್ಡು, ನಾವು. ಆಚೆ ಒಂದು ಮಂಚ, ಒಂದು ಸ್ಟೋವು, ಸರ್ ಅವರ ಸಂಸಾರ. ಸಂಸಾರ ಎಂದರೆ ಅವರೊಬ್ಬರೇ.

ಸಣಕಲು ಮೈಯ ಮನುಷ್ಯ. ಸೆಕೆಗಾಲದಲ್ಲೂ ಕುತ್ತಿಗೆಯ ತನಕ ಗುಂಡಿ ಹಾಕುತ್ತಿದ್ದರು. ಅಂಗಿಗಳೆಲ್ಲ ಬೂದು ಬಣ್ಣ. ಕೆಳಗಿನ ಟೇಲರ್ ಒಂದೇ ಬಟ್ಟೆಯಲ್ಲಿ ಎಲ್ಲವನ್ನೂ ಹೊಲಿದುಕೊಟ್ಟಿದ್ದನಂತೆ. ಹಾಗಾಗಿ ಅವರು ದಿನಾ ಅಂಗಿ ಬದಲಿಸುತ್ತಾರೋ ಇಲ್ಲವೋ ಎಂಬುದು ನಮ್ಮ ಕ್ಲಾಸಿನ ಹುಡುಗಿಯರಿಗೆ ಬಗೆಹರಿಯದ ಪ್ರಶ್ನೆಯಾಗಿತ್ತು. ನಾನು ಒಂದು ದಿನ ಅವರ ಅಂಗಿಯ ತೋಳಿನ ಮೇಲೆ ಬೇಕೆಂತಲೇ ಸೀಮೆಸುಣ್ಣದಿಂದ ಸಣ್ಣ ಗೆರೆ ಎಳೆದು ಪರೀಕ್ಷೆ ಮಾಡಿದೆ. ಮರುದಿನ ಗೆರೆ ಇರಲಿಲ್ಲ. ದಿನಾ ಬದಲಿಸುತ್ತಿದ್ದರು, ಪಾಪ.

ಪ್ರೋಗ್ರಾಮಿನ ವಿಷಯದಲ್ಲಿ ಅವರದು ಒಂದೇ ಹಟ. ನಾನು ಮೊದಲ ಸಲ ಚೀಟಿ ಬರೆಯುವ ಪ್ರೋಗ್ರಾಮು ಮಾಡಿ ಹೆಮ್ಮೆಯಿಂದ ತೋರಿಸಿದಾಗ, ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟು ಕೇಳಿದರು:

"ಈ ಚೀಟಿ ಬರಿಯಾಂವಗ ಏನ ಬೇಕವಾ?"

"ಕಾಟಾ ಬೇಕ್ರಿ ಸರ್."

"ತೂಕ ಬೇಕು. ಕಾಟಾ ಯಾಕ ಬೇಕು?"

ಸರ್ ಸ್ಟೂಲು ಎಳೆದು ನನ್ನ ಪಕ್ಕ ಕೂತರು.

"ಜ್ವಾಳಾ ಕೊಯ್ಯಾಕ ಆಳು ಬರತಾನ. ಬಂದ ಕೂಡಲೆ ಅವನ ಕೈಯಾಗ ಕುಡಗೋಲು ಕೊಡಬೇಕು. ಅದನ್ನ ಬಿಟ್ಟು, ಮೊದಲ ಕಂಬಾರನ ಮನಿ ಹುಡುಕು, ಕುಲುಮಿ ಹೊತ್ತಸು, ಕುಡಗೋಲು ಬಡದು ತೊಗೊಂಡು ಬಾ ಅಂದ್ರ ಕೊಯ್ಲು ಮುಗಿಯೂದು ಯಾವಾಗ? ನಿನ್ನ ಚೀಟಿ ಬರಿಯಾಂವ ನೋಡಿಲ್ಲೆ, ಕಂಬಾರನ ಮನ್ಯಾಗ ಕುಂತಾನ."

ನಾನು ಮಾಡಿದ್ದೇನೆಂದರೆ, ಚೀಟಿ ಬರೆಯುವ ಭಾಗದ ಹೊಟ್ಟೆಯೊಳಗೇ ಇಂಥ ಕಂಪನಿಯ ಇಂಥ ಕಾಟಾ ಎಂದು ಬರೆದುಬಿಟ್ಟಿದ್ದೆ. ನಾಳೆ ಅಂಗಡಿಯವರು ಬೇರೆ ಕಾಟಾ ತಂದರೆ ಹೊಟ್ಟೆ ಕೊಯ್ಯಬೇಕು. ಸರ್ ಹೇಳಿದ ದಾರಿ ಬೇರೆ. ಚೀಟಿ ಬರೆಯುವವನಿಗೆ ಕಾಟಾದ ಹೆಸರೇ ಗೊತ್ತಿರಬಾರದು. ಪ್ರೋಗ್ರಾಮು ಶುರುವಾಗುವಾಗ ಬಾಗಿಲಲ್ಲಿ ನಿಂತು ಯಾರೋ ಒಬ್ಬರು ಅವನ ಕೈಗೆ ಕಾಟಾ ಕೊಡಬೇಕು. ಯಾವ ಕಾಟಾ ಕೊಡಬೇಕೆಂಬುದು ಪಕ್ಕದ ಒಂದು ಸಣ್ಣ ಫೈಲಿನಲ್ಲಿ ಒಂದೇ ಸಾಲಾಗಿ ಇರಬೇಕು. ಆ ಸಾಲನ್ನು ಅಂಗಡಿಯವರೇ ಬದಲಿಸಿಕೊಳ್ಳಬಹುದು, ನಮ್ಮನ್ನು ಕರೆಯುವ ಕಾರಣವಿಲ್ಲ.

ಕಿತ್ತೂರಿನ ಗಿರಣಿಯವರು ಕೆಲವು ದಿನದ ಮೇಲೆ, ಭತ್ತದ ತೂಕದಲ್ಲಿ ಖಾಲಿ ಚೀಲದ ತೂಕ ಕಳೆಯಬೇಕು ಎಂದರು. ನಾನು ಕಾಟಾ ಓದುವ ಭಾಗವನ್ನು ಬಿಚ್ಚಲು ಹೊರಟೆ. ಸರ್ ಕೈ ಅಡ್ಡ ಹಿಡಿದರು.

"ಚಂದಾಗಿ ನಡಿಯಾಕ ಹತ್ತಿದ್ದನ್ನ ಯಾಕ ಕೊಯ್ತಿ? ಮ್ಯಾಲ ಒಂದ ಅಂಗಿ ತೊಡಸು."

ಅಂಗಿ ಎಂದರೆ ಇಷ್ಟು: ಹಳೆಯ ಕಾಟಾದ ಸುತ್ತ ಒಂದು ಹೊಸ ತುಂಡು ಪ್ರೋಗ್ರಾಮು ಬರೆಯುವುದು. ಹೊರಗಿನಿಂದ ನೋಡಿದರೆ ಅದೂ ಒಂದು ಕಾಟಾವೇ. ತೂಕ ಎಷ್ಟು ಎಂದು ಕೇಳಿದರೆ ಅದು ಒಳಗಿನ ಕಾಟಾವನ್ನು ಕೇಳಿ, ಬಂದ ತೂಕದಲ್ಲಿ ಚೀಲದ ತೂಕ ಕಳೆದು, ಉಳಿದದ್ದನ್ನು ಹೇಳುತ್ತದೆ. ಚೀಟಿ ಬರೆಯುವವನಿಗೆ ಏನೂ ತಿಳಿಯುವುದಿಲ್ಲ, ಒಳಗಿನ ಕಾಟಾಕ್ಕೂ ತಿಳಿಯುವುದಿಲ್ಲ. ಮುಂದೆ ಗಿರಣಿಯವರು ಹಸಿ ಭತ್ತಕ್ಕೆ ಇಷ್ಟು ಕಡಿತ ಎಂದಾಗ ಅದರ ಮೇಲೆ ಇನ್ನೊಂದು ಅಂಗಿ.

"ಚಳಿಗಾಲ ಬಂದ್ರ ಒಂದ ಸ್ವೆಟರ್ ತೊಡಸೂನೇನ್ರಿ ಸರ್?" ಎಂದು ನಾನು ಕಾಡಿದೆ.

"ತೊಡಸು. ಒಳಗಿನಾಂವಗ ಹೇಳಬ್ಯಾಡ, ಅಷ್ಟ."

ಈ ಅಂಗಿಗಳ ಪರೀಕ್ಷೆಗೆ ಅವರೊಂದು ಸುಳ್ಳು ಕಾಟಾ ಮಾಡಿಟ್ಟಿದ್ದರು. ನಿಜವಾದ ಕಾಟಾವನ್ನು ಮಾಳಿಗೆಗೆ ಹೊತ್ತು ತರುವುದು ಹೇಗೆ? ಅದಕ್ಕೇ ಕೇಳಿದಾಗಲೆಲ್ಲ ನಾವು ಹೇಳಿಕೊಟ್ಟ ತೂಕವನ್ನೇ ಒಪ್ಪಿಸುವ ಒಂದು ಬರೀ ಪ್ರೋಗ್ರಾಮಿನ ಕಾಟಾ. ಅದನ್ನು ಚೀಟಿ ಬರೆಯುವವನ ಕೈಗೆ ಕೊಟ್ಟರೆ ಅವನು ನಿಜವೆಂದೇ ನಂಬಿ ಚೀಟಿ ಬರೆಯುತ್ತಿದ್ದ. ನಾನು ಹಸಿಯ ಅಂಗಿಯನ್ನು ಒಳಗೆ, ಚೀಲದ ಅಂಗಿಯನ್ನು ಹೊರಗೆ ತೊಡಿಸಿದ್ದು ಸಿಕ್ಕಿಬಿದ್ದದ್ದು ಹೀಗೆಯೇ. ಚೀಲದ ತೂಕಕ್ಕೂ ಹಸಿಯ ಕಡಿತ ಬಿದ್ದು ರೈತನ ಭತ್ತ ಸ್ವಲ್ಪ ಕಡಿಮೆ ಬಂತು. ಸರ್ ಚೀಟಿ ನೋಡಿ ನಕ್ಕರು. "ಅಂಗಿ ಮ್ಯಾಲ ಬನಿಯನ್ ಹಾಕ್ಕೊಂಡು ಪ್ಯಾಟಿಗೆ ಹೊಂಟಿ ನೋಡವಾ."

ಈ ಸುಳ್ಳು ಕಾಟಾದಿಂದ ಒಮ್ಮೆ ಫಜೀತಿಯೂ ಆಯಿತು. ಗಿರಣಿಯಲ್ಲಿ ಎಲ್ಲರ ಮುಂದೆ ಸರ್, "ಸುಳ್ಳ ಕಾಟಾ ಹಾಕಿ ನೋಡೇವ್ರಿ, ಎಲ್ಲಾ ಬರೋಬ್ಬರಿ ಐತಿ" ಎಂದುಬಿಟ್ಟರು. ಗಿರಣಿ ಮಾಲೀಕರು ಕುರ್ಚಿಯಿಂದ ಎದ್ದೇಬಿಟ್ಟರು. "ಏ ಮಾರಾಯರ, ಹೊರಗ ರೈತ ಮಂದಿ ಕುಂತಾರ! ನಮ್ಮ ಗಿರಣ್ಯಾಗ ಆ ಮಾತ ಎತ್ತಬ್ಯಾಡ್ರಿ!" ಅವತ್ತಿನಿಂದ ಊರ ಹೊರಗೆ ಹೋದಾಗ ನಾವು ಅದನ್ನು ಗೊಂಬಿ ಕಾಟಾ ಎನ್ನತೊಡಗಿದೆವು.

ಇಷ್ಟೆಲ್ಲ ಓದಿದವರಿಗೆ ಅವರು ನಗೆಯ ಮನುಷ್ಯ ಎನ್ನಿಸಬಹುದು. ಕೆಲಸದಲ್ಲಿದ್ದಾಗ ಹೌದು. ಕೆಲಸ ಮುಗಿದ ಮೇಲೆ ಅವರನ್ನು ನೋಡಲು ಆಗುತ್ತಿರಲಿಲ್ಲ. ಮೇಜಿನ ಮೇಲೆ ಒಂದು ಕೆಂಪು ಫೋನು ಇತ್ತು. ಅದು ರಿಂಗಾಗುತ್ತಿದ್ದುದೇ ಅಪರೂಪ. ಆಗಾಗ ಅವರು ಅದನ್ನು ಎತ್ತಿ ಕಿವಿಗೆ ಹಿಡಿದು, ಗುಂಯ್ ಎನ್ನುವ ಸದ್ದು ಕೇಳಿ, ಮೆಲ್ಲಗೆ ಇಡುತ್ತಿದ್ದರು. "ಕೆಟ್ಟೈತೇನ್ರಿ?" ಎಂದರೆ, "ಇಲ್ಲ, ಚಲೋ ಐತಿ" ಎನ್ನುತ್ತಿದ್ದರು. ಮತ್ತೆ, "ಫೋನ್ ಬರಲಿಲ್ಲ ಅಂದ್ರ ಎಲ್ಲಾ ಕಡೆ ಕೆಲಸ ಚಲೋ ನಡದೈತಿ ಅಂತ ಅರ್ಥ" ಎಂದು ತಾವೇ ಸೇರಿಸುತ್ತಿದ್ದರು.

ಸಂಜೆ ಬಸ್‌ಸ್ಟ್ಯಾಂಡಿನ ತನಕ ನನ್ನ ಜೊತೆಯೇ ನಡೆದು ಬರುತ್ತಿದ್ದರು. ನನ್ನನ್ನು ಕಳಿಸಲು ಬರುತ್ತಾರೆಂದು ಮೊದಲು ತಿಳಿದಿದ್ದೆ. ನಾನು ಬಾರದ ದಿನವೂ ಹೋಗುತ್ತಾರೆಂದು ಟೇಲರ್ ಹೇಳಿದ. ಹೋಗಿ, ರಾಮದುರ್ಗದ ಬಸ್ಸು ಬಂದು ಜನ ಇಳಿಯುವುದನ್ನು ನೋಡಿ, ವಾಪಸು ಬರುವುದು. ಯಾರಾದರೂ ಬರುವವರಿದ್ದಾರೆಯೇ ಎಂದು ಒಮ್ಮೆ ಕೇಳಿದೆ.

"ಬಸ್ ಬರತೈತಲ್ಲವಾ," ಎಂದರು.

ಅವರಿಗೆ ಸೇರದ ಪ್ರಶ್ನೆ ಒಂದೇ, ನಮ್ಮ ಕಡೆ ಎಲ್ಲರೂ ಕೇಳುವಂಥದು: "ಮನ್ಯಾಗ ಯಾರ್ಯಾರ ಅದಾರ್ರಿ?" ಚಹಾದ ಕಪ್ಪು ಕೈಗೆ ಬರುವುದರೊಳಗೆ ಯಾವ ಅಂಗಡಿಯಲ್ಲೂ ಈ ಪ್ರಶ್ನೆ ಬಂದೇ ಬರುತ್ತಿತ್ತು. "ನಾ ಒಬ್ಬಾಂವ ಅದೇನ್ರಿ" ಎಂದು ಅವರು ಬಿಸಿ ಚಹಾವನ್ನೇ ಗಟಗಟ ಕುಡಿದು ಎದ್ದುಬಿಡುತ್ತಿದ್ದರು. ಮದುವೆಯಾದ ವರ್ಷವೇ ಹೆಂಡತಿ ಹೋದಳೆಂದು ಕೆಲವರು ಹೇಳಿದರು, ಮದುವೆಯೇ ಆಗಿರಲಿಲ್ಲವೆಂದು ಕೆಲವರು. ನಾನು ಕೇಳಲಿಲ್ಲ. ಕೇಳುವಷ್ಟು ಸಲಿಗೆ ಇತ್ತು, ಧೈರ್ಯ ಇರಲಿಲ್ಲ.

ರಾಮದುರ್ಗದ ನೂಲಿನ ಅಂಗಡಿಗೆ ಹೋದದ್ದನ್ನು ನಾನು ಮರೆತಿಲ್ಲ. ಬೇರೆ ಕೆಲಸಕ್ಕೆ ಹೋದವರು, ಬಸ್ಸಿಗೆ ಹೊತ್ತಿದೆ, ನೋಡಿಕೊಂಡು ಹೋಗೋಣ ಎಂದು ಹೊಕ್ಕೆವು. ಹಳೆಯ ಮಾಲೀಕರು ಇರಲಿಲ್ಲ, ಅವರ ಅಳಿಯ ಗಾದಿಯ ಮೇಲೆ ಕೂತಿದ್ದ. ಮೂಲೆಯಲ್ಲಿ ಹೊಸ ಕಾಟಾ. ತಾವೇ ಆ ಒಂದು ಸಾಲು ಬದಲಿಸಿಕೊಂಡಿದ್ದರು, ಚೀಟಿ ಸರಾಗ ಬರುತ್ತಿತ್ತು. ಸರ್ ಬಾಗಿಲಲ್ಲಿ ನಿಂತು ಕಂಪ್ಯೂಟರಿನ ಕಡೆ ನೋಡುತ್ತ ನಗುತ್ತಿದ್ದರು.

"ಯಾರ್ರಿ ತಾವು? ಏನ ಬೇಕಾಗಿತ್ತು?" ಎಂದ ಅಳಿಯ.

ನಾನು ಬಾಯಿ ತೆರೆದೆ. ಸರ್ ನನ್ನ ಕಡೆ ನೋಡಿ ಬೇಡವೆಂದು ತಲೆ ಆಡಿಸಿದರು. "ಏನಿಲ್ರಿ. ಬಸ್ಸಿಗೆ ಇನ್ನಾ ಟೈಮ್ ಐತಿ, ನೆಳ್ಳಿಗೆ ನಿಂತಿದ್ವಿ."

"ಹಂಗಾರ ಬಾಜೂಕ ನಿಂದರ್ರಿ, ಗಿರಾಕಿ ಬರತಾರ."

ಪಕ್ಕಕ್ಕೆ ಸರಿದು ನಿಂತೆವು. ಬಸ್ಸಿನಲ್ಲಿ ಕೂತ ಮೇಲೆ ಸರ್, "ನೋಡಿದೆಲ್ಲ, ಎಷ್ಟ ಚಲೋ ನಡದೈತಿ" ಎಂದರು. ಆಮೇಲೆ ಬೈಲಹೊಂಗಲ ಬರುವ ತನಕ ಕಿಟಕಿಯ ಆಚೆಯೇ ನೋಡುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷದ ಮೇಲೆ ನಾನು ಬೆಳಗಾವಿಗೆ ಒಂದು ತರಬೇತಿಗೆ ಹೋಗಿದ್ದೆ. ಅಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಿದ್ದು ನಮ್ಮ ಮಾಳಿಗೆಯ ಕುಡಗೋಲು, ಅಂಗಿಗಳೇ. ಓಡುತ್ತ ಬಂದು ಹೇಳಿದೆ: "ಸರ್, ಅಂಗಿಗೆ ರ‍್ಯಾಪರ್ ಅಂತಾರಂತ್ರಿ. ಕೈಗೆ ಕೊಡೂದಕ್ಕ ಡಿಪೆಂಡೆನ್ಸಿ ಇಂಜೆಕ್ಷನ್ ಅಂತಾರಂತ."

"ಇಂಜೆಕ್ಷನ್ನಾ? ಯಾರಿಗಿ ಆರಾಮಿಲ್ಲಂತ?" ಎಂದು ನಕ್ಕರು. ಡಿಪೆಂಡೆನ್ಸಿ ಎಂದರೆ ಅವಲಂಬನೆ, ಅದನ್ನು ತಪ್ಪಿಸಲಿಕ್ಕೆ ಇದೆಲ್ಲ ಎಂದು ನಾನು ಕಲಿತದ್ದನ್ನು ಒಪ್ಪಿಸಿದೆ.

"ತಪ್ಪಸಾಕಲ್ಲವಾ. ಒಬ್ಬರ ಮ್ಯಾಲ ಒಬ್ಬರು ಜೋತು ಬೀಳೂದು ಇದ್ದದ್ದ. ಯಾರ ಮ್ಯಾಲ ಜೋತು ಬಿದ್ದೇನಿ ಅನ್ನೂದು ಹೊರಗ ಕಾಣಬೇಕು, ಅಷ್ಟ."

ಅವರ ಫೋನು ರಿಂಗಾಗುತ್ತಿದ್ದುದು ಅಪರೂಪ ಎಂದೆನಲ್ಲ, ಆದರೆ ಅದು ಹೆಚ್ಚಾಗಿ ಮನೋಳಿಯಿಂದ. ಹೊಳೆಯ ದಂಡೆಗೆ ಹತ್ತಿರ ಅಲ್ಲೊಂದು ಕಾಳಿನ ಗೋದಾಮು, ಅದಕ್ಕೂ ನಮ್ಮದೇ ಪ್ರೋಗ್ರಾಮು. ಆ ಫೋನು ಬಂದ ದಿನ ಸರ್ ಬೇರೆಯೇ ಮನುಷ್ಯ. ಗಡ್ಡ ಹೆರೆದುಕೊಳ್ಳುತ್ತಿದ್ದರು, ಪೇಟೆಗಿಳಿದು ಒಂದು ಪೊಟ್ಟಣ ಚುರುಮುರಿ, ಹುರಿದ ಶೇಂಗಾ ಕಟ್ಟಿಸಿಕೊಳ್ಳುತ್ತಿದ್ದರು. "ಆ ಮನೋಳಿ ಕಾಟಾ ಭಾಳ ತ್ರಾಸ ಕೊಡತೈತಿ" ಎಂದು ಗೊಣಗುತ್ತ ಬಸ್ಸಿಗೆ ಅವಸರ ಮಾಡುತ್ತಿದ್ದರು. ಒಮ್ಮೆ ಅವರಿಗೆ ಜ್ವರ ಇತ್ತು. "ನಾ ಹೋಗಿ ಬರಲೇನ್ರಿ?" ಎಂದೆ.

"ಬ್ಯಾಡ. ಅದು ನಿನಗ ತಿಳಿಯೂದಿಲ್ಲ."

ಅಷ್ಟು ವರ್ಷದಲ್ಲಿ ಆ ಮಾತನ್ನು ಅವರು ನನಗೆ ಇನ್ನೊಮ್ಮೆ ಹೇಳಿದ್ದಿಲ್ಲ. ನಾನು ಮುನಿಸಿಕೊಂಡೆ. ಅವರು ಜ್ವರದಲ್ಲೇ ಹೋದರು. ಮರುದಿನ ಬಂದಾಗ ಜ್ವರ ಇಳಿದಿತ್ತು.

ಅವರು ತೀರಿಕೊಂಡದ್ದು ನಿದ್ದೆಯಲ್ಲೇ. ಬೆಳಿಗ್ಗೆ ಕೆಳಗಿನ ಟೇಲರ್ ಚಹಾಕ್ಕೆ ಕರೆಯಲು ಹೋಗಿ ನೋಡಿದ. ನಾನು ಅದೇ ಕೆಂಪು ಫೋನು ಎತ್ತಿ ಎಲ್ಲ ಅಂಗಡಿಗಳಿಗೂ ತಿಳಿಸಿದೆ. "ಯಾವ ಸರ್ರಿ?" ಎಂದು ಕೇಳಿದವರೇ ಹೆಚ್ಚು. ಅವರನ್ನು ಬೈಯುವುದು ಹೇಗೆ? ಕರೆಯುವ ಪ್ರಸಂಗವೇ ಬಾರದಂತೆ ಮಾಡಿಕೊಟ್ಟವರು ಇವರೇ. ಮಣ್ಣಿಗೆ ಬಂದವರು ಟೇಲರ್ ಮನೆಯವರು, ನನ್ನ ವಿದ್ಯಾರ್ಥಿಗಳು, ಮತ್ತೆ ಧೋತರ ಉಟ್ಟು ಬಿಳಿ ಟೊಪ್ಪಿಗೆ ಹಾಕಿದ್ದ, ನನಗೆ ಗುರುತಿಲ್ಲದ ಒಬ್ಬ ಮುದುಕರು. ಅವರು ಒಂದು ಮುಷ್ಟಿ ಮಣ್ಣು ಹಾಕಿ, ಕೈ ಒರೆಸಿಕೊಳ್ಳದೆ ಹಾಗೇ ನಿಂತಿದ್ದರು. ಆಮೇಲೆ ಸವದತ್ತಿ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಹೊರಟುಹೋದರು.

ಕ್ಲಾಸು ನಾನೇ ಮುಂದುವರಿಸಿದೆ. ಪರದೆ ತೆಗೆಸಿದೆ, ಮಂಚ ಟೇಲರ್‌ಗೆ ಕೊಟ್ಟೆ. ಕಲಿಯುವವರು ಹೋದ ಮೇಲೆ ಆ ಉದ್ದನೆಯ ಕೋಣೆಯಲ್ಲಿ ಒಬ್ಬಳೇ ಕೂತಾಗ, ಒಂದು ದಿನ ನನ್ನ ಕೈ ತಾನೇ ಹೋಗಿ ಫೋನು ಎತ್ತಿತು. ಗುಂಯ್ ಎನ್ನುತ್ತಿತ್ತು, ಚಲೋ ಇತ್ತು. ನಾನು ಸರ್ ಕಲಿಸಿದ ಹಾಗೆಯೇ ಪ್ರೋಗ್ರಾಮು ಬರೆಯುತ್ತೇನೆ, ನನ್ನನ್ನೂ ಯಾರೂ ಕರೆಯುವುದಿಲ್ಲ. ಅವತ್ತು ಅವರಿಗಾಗಿ ಮೊದಲ ಸಲ ಗಟ್ಟಿಯಾಗಿ ಅತ್ತೆ.

ಮುಂದಿನ ಸುಗ್ಗಿಯ ಹೊತ್ತಿಗೆ ಮನೋಳಿಯಿಂದ ಫೋನು ಬಂತು.

"ಅಕ್ಕಾರ, ನಾ ಗೋದಾಮಿನ ದಿವಾನಜಿ ಮಾತಾಡಾಕ ಹತ್ತೇನ್ರಿ. ಹೊಸಾ ಕಾಟಾ ತಂದಾರ. ಚೀಟಿ ಬರವಲ್ದು."

"ಅದಕ್ಕ ನಾ ಬರೂದು ಬೇಕಿಲ್ರಿ. ಬಾಜೂಕ ಒಂದ ಸಣ್ಣ ಫೈಲ್ ಐತಿ, ಅದರಾಗ ಒಂದ ಸಾಲ..."

"ಇಲ್ಲೆ ಆ ಫೈಲ್ ಇಲ್ರಿ."

ಇರದೆ ಎಲ್ಲಿ ಹೋಗುತ್ತದೆ ಎಂದು ಗೊಣಗಿಕೊಳ್ಳುತ್ತ ಹೋದೆ. ಗೋದಾಮಿನ ಲೆಕ್ಕ ಬರೆಯುವ ದಿವಾನಜಿ ಬಾಗಿಲಲ್ಲೇ ಕಾಯುತ್ತಿದ್ದರು. ಅದೇ ಬಿಳಿ ಟೊಪ್ಪಿಗೆ, ಮಣ್ಣಿಗೆ ಬಂದಿದ್ದ ಮುದುಕರು. ಒಳಗೆ ಕೂಡಿಸಿ ಚಹಾ ಕೊಟ್ಟರು. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಲಿಲ್ಲ. ಅದು ನನಗೆ ಆಮೇಲೆ ಹೊಳೆಯಿತು.

ಕಂಪ್ಯೂಟರಿನಲ್ಲಿ ನಿಜವಾಗಿಯೂ ಆ ಫೈಲು ಇರಲಿಲ್ಲ. ಪ್ರೋಗ್ರಾಮು ತೆರೆದು ಓದುತ್ತ ಹೋದೆ. ಚೀಟಿ ಬರೆಯುವವನ ಹೊಟ್ಟೆಯ ನಟ್ಟನಡುವೆ, ಕಂಪನಿಯ ಹೆಸರಿನ ಸಮೇತ, ಕಾಟಾ ಕೂತಿತ್ತು. ಮೊದಲ ದಿನ ನಾನು ಮಾಡಿ ಬೈಸಿಕೊಂಡದ್ದೇ. ಈ ದಾರಿಯನ್ನು ಸರ್ ತಾವೇ ಕಲಿಯುವ ಮೊದಲು ಬರೆದ ಹಳೆಯ ಪ್ರೋಗ್ರಾಮಿರಬೇಕು ಎಂದುಕೊಂಡೆ. ಅಲ್ಲ. ಉಳಿದದ್ದೆಲ್ಲ ಅಚ್ಚುಕಟ್ಟು, ಅಂಗಿಯ ಮೇಲೆ ಅಂಗಿ, ಒಂದೊಂದೂ ಸರಿಯಾದ ಕ್ರಮದಲ್ಲಿ. ಈ ಒಂದು ಜಾಗ ಮಾತ್ರ ಹೀಗೆ.

"ದಿವಾನಜಿ, ಸರ್ ಇಲ್ಲಿಗೆ ಯಾವಾಗ್ಯಾವಾಗ ಬರತಿದ್ರು?"

"ಸುಗ್ಗ್ಯಾಗ ದೊಡ್ಡ ಕಾಟಾ ಹಚ್ಚತೇವ್ರಿ, ಸುಗ್ಗಿ ಮುಗದ ಮ್ಯಾಲ ಸಣ್ಣದು. ಬದಲಿ ಮಾಡುವಾಗೊಮ್ಮೆ ಸರ್ ಬೇಕಾಗತಿದ್ರು. ನಡುವ ಕಾಟಾ ಕೆಟ್ಟಾಗ ಫೋನ್ ಹಚ್ಚತಿದ್ನಿ."

"ಅಷ್ಟ ಕೆಡತಿತ್ತೇನ್ರಿ?"

ಮುದುಕರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಒಮ್ಮಿನೂ ಕೆಟ್ಟಿಲ್ರಿ," ಎಂದರು.

ನಾನು ಕಂಪ್ಯೂಟರಿನ ಕಡೆಯಿಂದ ಕುರ್ಚಿ ತಿರುಗಿಸಿ ಅವರ ಎದುರು ಕೂತೆ.

"ಸವದತ್ತಿ ಅಂಗಡಿಯವರು ಒಮ್ಮೆ ಅಂದ್ರು, ಕಾಟಾ ಬದಲಿ ಮಾಡೂದು ನಮಗ ಬರತೈತಿ, ನಾವು ಯಾರನ್ನೂ ಕರಿಯೂದಿಲ್ಲ ಅಂತ. ನಾ ಸರ್‌ನ ಕೇಳಿದ್ನಿ, ನಮಗೂ ಹಂಗ ಮಾಡಿಕೊಡಾಕ ಬರೂದಿಲ್ಲೇನ್ರಿ ಅಂತ. ಸರ್ ತಲಿ ತೆಳಗ ಹಾಕಿ ಕುಂತ್ರು. ಬರತೈತ್ರಿ, ಮಾಡ್ಲೇನು ಅಂದ್ರು."

"ನೀವೇನಂದ್ರಿ?"

"ಬ್ಯಾಡ ಬಿಡ್ರಿ, ಹಿಂಗ ಇರಲಿ ಅಂದ್ನಿ. ಆಮ್ಯಾಲ ಇಬ್ರೂ ಹೊಳಿದಂಡಿಗೆ ಹೋದ್ವಿ. ಯಾವಾಗ್ಲೂ ಹೋಗತಿದ್ವಿ. ನಂದು ರೊಟ್ಟಿ, ಅವರದು ಚುರುಮುರಿ."

"ಏನ ಮಾತಾಡತಿದ್ರಿ?"

"ಮಾತೇನೈತ್ರಿ," ಎಂದರು ದಿವಾನಜಿ. "ಕುಂತಿರತಿದ್ವಿ."

ಹೊರಗೆ ಹಮಾಲರು ಚೀಲ ಇಳಿಸುತ್ತಿದ್ದರು. ಯಾರ ಮೇಲೆ ಜೋತು ಬಿದ್ದಿದ್ದೇವೆ ಎಂಬುದು ಹೊರಗೆ ಕಾಣಬೇಕು ಎಂದಿದ್ದ ಮನುಷ್ಯ, ತಮ್ಮದನ್ನು ಮಾತ್ರ ಇಷ್ಟು ಒಳಗೆ ಬಚ್ಚಿಟ್ಟಿದ್ದರು. ನನಗೆ ಸಿಟ್ಟು ಬರಲಿಲ್ಲ. ಇಲ್ಲಿಯಾದರೂ ಅವರಿಗೆ ಕೂತಿರಲು ಜೊತೆಗೊಬ್ಬರು ಸಿಕ್ಕಿದ್ದರಲ್ಲ ಎನ್ನಿಸಿತು.

ಅದನ್ನು ಸರಿಪಡಿಸುವುದು ಹೆಚ್ಚು ಹೊತ್ತಿನ ಕೆಲಸವಲ್ಲ. ಕಾಟಾವನ್ನು ಹೊಟ್ಟೆಯಿಂದ ತೆಗೆದು ಬಾಗಿಲಿಗೆ ತರುವುದು, ಪಕ್ಕದಲ್ಲಿ ಒಂದು ಸಣ್ಣ ಫೈಲು ಇಡುವುದು. ನಾನು ಕೀಬೋರ್ಡಿನ ಮೇಲೆ ಕೈ ಇಟ್ಟೆ. ದಿವಾನಜಿ ನನ್ನ ಹಿಂದೆ ಬಂದು ನಿಂತರು. ಅವರಿಗೆ ಪರದೆಯ ಮೇಲಿನದು ಓದಲು ಬರುವುದಿಲ್ಲ, ಆದರೂ ನೋಡುತ್ತಿದ್ದರು.

"ಅಕ್ಕಾರ, ಇನ್ನ ಮ್ಯಾಲ ಕಾಟಾ ಬದಲಿ ಆದ್ರ ಯಾರೂ ಬರೂದು ಬೇಕಾಗೂದಿಲ್ಲೇನ್ರಿ?"

ನಾನು ಹಳೆಯ ಕಾಟಾದ ಹೆಸರು ಅಳಿಸಿ, ಹೊಸ ಕಾಟಾದ ಹೆಸರನ್ನು ಅದೇ ಜಾಗದಲ್ಲಿ, ಒಳಗೇ ಬರೆದೆ.

"ಬೇಕಾಗತೈತ್ರಿ," ಎಂದೆ. "ಸುಗ್ಗಿ ಮುಗದ ಕೂಡಲೆ ಫೋನ್ ಹಚ್ಚರಿ. ನಾನ ಬರಬೇಕಾಗತೈತಿ."

ಅವರು ಟೊಪ್ಪಿಗೆ ಹಾಕಿಕೊಂಡರು. "ನಡುವ ಕೆಟ್ರ?" ಎಂದು ಕೇಳಿದರು.

"ನಡುವ ಕೆಟ್ರೂ ಹಚ್ಚರಿ."